ಹೆಸರಿಲ್ಲದ ಕೋಟಿನ ಜೇಬು

ಗುಂಪಿನೊಳಗಿಂದ ಹಾರಿ ಬಂದ ಕಲ್ಲಿಗೆ ಅಪ್ಪ ಅಮ್ಮ ಇರುವುದಿಲ್ಲ. ಇದು ನಿಮಗೆ ಗೊತ್ತಿರುವ ಸಂಗತಿ. ಎಸೆದವನಿಗೆ ಇನ್ನೂ ಚೆನ್ನಾಗಿ ಗೊತ್ತು, ಗೊತ್ತಿರುವುದರಿಂದಲೇ ಎಸೆಯುತ್ತಾನೆ. ಆದರೂ ಎಲ್ಲಾದರೂ ಗಾಜು ಒಡೆದರೆ, ಯಾರದಾದರೂ ಹಣೆ ಒಡೆದರೆ, 'ಯಾರೋ ಕಿಡಿಗೇಡಿಗಳು' ಅಂದುಬಿಟ್ಟು ನಾವು ಕೈ ತೊಳೆದುಕೊಳ್ಳುತ್ತೇವೆ. ಕಿಡಿಗೇಡಿ ಅಂತ ಬೇರೆ ಕುಲದ ಮನುಷ್ಯ ಎಲ್ಲೂ ಹುಟ್ಟಿಲ್ಲ. ಈ ಕಥೆಯ ಕಿಡಿಗೇಡಿಗೆ ಐವತ್ತೆರಡು ವರ್ಷ. ಮಂಡಿನೋವು ಇದೆ, ಓದುವ ಕನ್ನಡಕ ಇದೆ, ಮದುವೆ ಗೊತ್ತಾದ ಮಗಳಿದ್ದಾಳೆ. ಕಂಡವರೆಲ್ಲ ಆಕೆಯನ್ನು ಕರೆಯುವುದು ಸೂಜಿಯಕ್ಕ ಅಂತ.

ಸೂಜಿಯಕ್ಕನ ಕೆಲಸ ಬಿಸ್ಕತ್ತು ಕಾರ್ಖಾನೆಯಲ್ಲಿ. ಬಿಸ್ಕತ್ತನ್ನು ಆಕೆ ಮುಟ್ಟುವುದಿಲ್ಲ, ಮುಟ್ಟುವವರ ಕೋಟುಗಳನ್ನು ಮುಟ್ಟುತ್ತಾಳೆ. ಬಟ್ಟೆ ಒಗೆಯುವ ಜಾಗದ ಪಕ್ಕಕ್ಕೆ, ಎರಡು ಮಂಚ ಹಾಕಿದರೆ ಮೂರನೆಯದಕ್ಕೆ ಜಾಗವಿಲ್ಲದಂಥ ಒಂದು ಕೋಣೆ. ಅಲ್ಲೊಂದು ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಗೋಡೆಯ ಮೊಳೆಗಳಲ್ಲಿ ನೂಲುಂಡೆ, ಮುಚ್ಚಳ ಕಳೆದುಹೋದ ಬಿಸ್ಕತ್ತಿನ ಡಬ್ಬಿ ತುಂಬ ಬಿಳಿ ಗುಂಡಿ. ಆ ಕಾರ್ಖಾನೆಯಲ್ಲಿ ಒಳಗೆ ಕಾಲಿಡುವವರೆಲ್ಲ ಮೊಣಕಾಲಿನವರೆಗೆ ಬಿಳಿ ಕೋಟು ತೊಡಬೇಕು, ಕಿವಿ ಮುಚ್ಚುವ ಟೋಪಿ ಹಾಕಬೇಕು, ಮೂಗು ಬಾಯಿಗೆ ಮಾಸ್ಕು ಕಟ್ಟಬೇಕು. ತಲೆಗೂದಲು ಬಿಸ್ಕತ್ತಿಗೆ ಬೀಳಬಾರದಲ್ಲ. ಉಳಿಯುವುದು ಎರಡು ಕಣ್ಣು. ಅವೂ ಹಿಟ್ಟಿನ ಧೂಳಿಗೆ ಅರ್ಧ ಮುಚ್ಚಿರುತ್ತವೆ.

ಹೀಗಾಗಿ ಮೊದಲಿನಿಂದಲೂ ಅಲ್ಲೊಂದು ಪದ್ಧತಿಯಿತ್ತು. ಪ್ರತಿ ಕೋಟಿನ ಎಡ ಎದೆಯ ಮೇಲೆ ಅದರ ಒಡೆಯರ ಹೆಸರು. ನೀಲಿ ನೂಲು, ಎರಡೆಳೆ, ಸೂಜಿಯಕ್ಕನ ಕೈಬರಹ. ಹೊಸಬರು ಕೆಲಸಕ್ಕೆ ಸೇರಿದರೆ ಮೊದಲ ದಿನ ಆಕೆಯ ಕೋಣೆಗೆ ಬಂದು ಹೆಸರು ಹೇಳಿ ಹೋಗಬೇಕು. ಇಪ್ಪತ್ತಾರು ವರ್ಷ ಹೆಸರು ಹೊಲಿದ ಆಕೆಗೆ ಕೆಲಸಗಾರರ ಬಗ್ಗೆ ಗೊತ್ತಿದ್ದದ್ದು ಅವರವರ ಹೆಂಡತಿಯರಿಗೂ ಗೊತ್ತಿರಲಿಲ್ಲ. ಯಾರ ಹೊಟ್ಟೆ ಮೂರನೇ ಗುಂಡಿಯನ್ನು ಎಳೆಯುತ್ತದೆ, ಯಾರು ಮೂಗನ್ನು ಬಲ ತೋಳಿಗೆ ಒರೆಸುತ್ತಾರೆ, ಸಿಗರೇಟು ಬಿಟ್ಟೆನೆಂದು ಆಣೆ ಹಾಕಿದವನ ಜೇಬಿನಲ್ಲಿ ಸುಟ್ಟ ತೂತು ಎಷ್ಟು, ಎಲ್ಲ ಲೆಕ್ಕ ಆಕೆಯ ಬೆರಳ ತುದಿಯಲ್ಲಿ. ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಆಕೆ ಯಾರ ಮೇಲೂ ಗಟ್ಟಿಯಾಗಿ ದನಿಯೆತ್ತಿದವಳಲ್ಲ. ಒಳ್ಳೆಯತನ ಅಂತ ಜನ ಅಂದುಕೊಂಡಿದ್ದರು. ಅಸಲು ವಿಷಯ ಬೇರೆ. ಎಲ್ಲರಿಗೂ ಗುರುತಿರುವವಳು ಎಲ್ಲಿ ಅಂತ ಸಿಟ್ಟು ಮಾಡಿಕೊಳ್ಳಬೇಕು? ತರಕಾರಿಯವನ ಹತ್ತಿರ ಜಗಳವಾಡಿದರೆ ಸಂಜೆಯೊಳಗೆ ಗಂಡನ ಕಿವಿಗೆ ಬಿದ್ದಿರುತ್ತದೆ, ಆ ಗಂಡ ಲಾರಿ ಓಡಿಸುತ್ತ ಮುನ್ನೂರು ಮೈಲಿ ಆಚೆ ಇದ್ದರೂ. ಚಿಕ್ಕಂದಿನಲ್ಲಿ ಒಮ್ಮೆ ಸಿಳ್ಳೆ ಹೊಡೆದದ್ದಕ್ಕೆ ಅಪ್ಪ ಗದರಿದ್ದ, ಹೆಣ್ಣುಮಗು ಸಿಳ್ಳೆ ಹೊಡೆಯೋದಾ ಅಂತ. ಅಂದಿನಿಂದ ಆ ಸಿಳ್ಳೆ ಗಂಟಲಲ್ಲೇ ಗೂಡು ಕಟ್ಟಿಕೊಂಡು ಕೂತಿತ್ತು. ನಲವತ್ತನಾಲ್ಕು ವರ್ಷ.

ಇನ್ನು ತಕ್ಕಡಿಯವರ ವಿಚಾರ. ಪ್ಯಾಕಿಂಗ್ ವಿಭಾಗದಿಂದ ಹೊರಬಾಗಿಲಿಗೆ ಹೋಗಲು ಒಂದು ಇಕ್ಕಟ್ಟಾದ ಉದ್ದನೆಯ ದಾರಿಯಿದೆ, ಕಾರ್ಖಾನೆಯವರು ಅದನ್ನು ಓಣಿ ಅನ್ನುತ್ತಾರೆ. ಓಣಿಯ ಕೊನೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ತಕ್ಕಡಿ, ಹಿಂದೆ ಖಾಕಿ ಅಂಗಿ ತೊಟ್ಟ ಒಬ್ಬರು. ಕಾಲು ಗಂಟೆಗೊಮ್ಮೆ ಪ್ರತಿ ಸಾಲಿನಿಂದ ಒಂದು ಪೊಟ್ಟಣ ತೆಗೆದು ತೂಗುವುದು ಅವರ ಕೆಲಸ. ಎರಡು ಗ್ರಾಂ ಕಮ್ಮಿ ಬಂತೋ, ಇಡೀ ಟ್ರೇ ವಾಪಸ್. ಟ್ರೇ ವಾಪಸ್ ಹೋದರೆ ಆ ಸಾಲಿನವರೆಲ್ಲ ಅರ್ಧ ಗಂಟೆ ಹೆಚ್ಚಿಗೆ ನಿಂತು ಮತ್ತೆ ಕಟ್ಟಬೇಕು. ಜನಕ್ಕೆ ಅವರ ಮೇಲೆ ಪ್ರೀತಿ ಉಕ್ಕಿ ಹರಿಯುತ್ತಿರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಕೋಟಿನ ಮೇಲೆ ಹೆಸರಿದ್ದ ಕಾಲದಲ್ಲಿ ಆ ಸಿಟ್ಟು ಮುಖಕ್ಕೆ ಮುಖ ಕೊಟ್ಟೇ ಹೊರಬರುತ್ತಿತ್ತು. ಏನು ತಕ್ಕಡಿಯವರೇ, ಎರಡು ಗ್ರಾಂಗೆ ಪ್ರಾಣ ತೆಗೀತೀರಲ್ಲ ಎಂದು ಇವರು. ಎರಡು ಗ್ರಾಂ ನಿಮ್ಮ ಮಾವನ ಮನೆಯಿಂದ ತಂದದ್ದಾ ಎಂದು ಅವರು. ಎರಡೂ ಕಡೆ ನಗು, ಅಲ್ಲಿಗೆ ಮುಗಿಯಿತು.

ಇದೇ ತಕ್ಕಡಿಯವರ ಮಗನಿಗೂ ಸೂಜಿಯಕ್ಕನ ಮಗಳಿಗೂ ಮದುವೆ ಗೊತ್ತಾಗಿತ್ತು. ಹುಡುಗ ಅದೇ ಕಾರ್ಖಾನೆಯ ಪ್ಯಾಕಿಂಗ್‌ನವನು. ಎತ್ತರ ಅಂದರೆ ಎಂಥ ಎತ್ತರ, ಎಲ್ಲ ಬಾಗಿಲಿಗೂ ಬಗ್ಗಿ ನಮಸ್ಕಾರ ಮಾಡಿಕೊಂಡೇ ಹೋಗಬೇಕು. ಅವನ ಕೋಟಿಗೆ ಸೂಜಿಯಕ್ಕನೇ ಒಂದು ಗೇಣು ಬಟ್ಟೆ ಜೋಡಿಸಿ ಉದ್ದ ಮಾಡಿಕೊಟ್ಟಿದ್ದಳು. ಉದ್ದ ಮಾಡಿಸಿಕೊಳ್ಳಲು ಮೂರು ಸಲ ಬಂದವನು ನಾಲ್ಕನೇ ಸಲ ಅಲ್ಲಿಗೆ ಊಟದ ಡಬ್ಬಿ ಕೊಡಲು ಬಂದಿದ್ದ ಮಗಳನ್ನು ನೋಡಿದ. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ದೂರದಿಂದಲೇ ಸರಿಯಾಗಿ ಅಳೆದುಬಿಟ್ಟಳು. ಮಾತುಕತೆಗೆ ಬಂದ ದಿನ ತಕ್ಕಡಿಯವರು ಕಾಫಿ ಕುಡಿದು ಲೋಟ ಇಟ್ಟು, ಸಕ್ಕರೆ ಎರಡು ಗ್ರಾಂ ಜಾಸ್ತಿಯಾಗಿದೆ ಬೀಗಿತ್ತಿಯವರೇ, ಅಂದಿದ್ದರು. ಎಲ್ಲರೂ ನಕ್ಕರು. ಸೂಜಿಯಕ್ಕನೂ ನಕ್ಕಳು. ಆ ಎರಡು ಗ್ರಾಂ ಆಕೆಯ ಹೊಟ್ಟೆಯೊಳಗೆ ಎಲ್ಲೋ ಒಂದು ಕಡೆ ಕರಗದೆ ಉಳಿಯಿತು.

ಆಗ ಬಂದದ್ದು ಹೊಸ ಮ್ಯಾನೇಜರು. ಒಗೆದ ಕೋಟುಗಳನ್ನು ಹೆಸರು ನೋಡಿ ವಿಂಗಡಿಸಲು ದಿನಕ್ಕೆ ಎರಡು ತಾಸು ವ್ಯರ್ಥವಾಗುತ್ತದೆ ಎಂದು ಅವರು ಗಡಿಯಾರ ಹಿಡಿದು ಕಂಡುಹಿಡಿದರು. ಇನ್ನು ಮೇಲೆ ಹೆಸರು ಬೇಡ. ಮೂರು ಅಳತೆ, ಚಿಕ್ಕದು, ನಡುವಿನದು, ದೊಡ್ಡದು. ಗೂಟಕ್ಕೆ ನೇತುಹಾಕಿರುತ್ತೆ, ಕೈಗೆ ಸಿಕ್ಕಿದ್ದು ತೊಟ್ಟುಕೊಳ್ಳಿ. ಸೂಜಿಯಕ್ಕ ಹದಿನೈದು ದಿನ ಕೂತು ಇನ್ನೂರ ಹನ್ನೆರಡು ಕೋಟುಗಳಿಂದ ಇನ್ನೂರ ಹನ್ನೆರಡು ಹೆಸರು ಬಿಚ್ಚಿದಳು. ಬಿಚ್ಚಿದ ನೀಲಿ ನೂಲು ಕಾಲ ಬುಡದಲ್ಲಿ ಗುಬ್ಬಿ ಗೂಡಿನ ಹಾಗೆ ಗುಡ್ಡೆಯಾಯಿತು.

ಮೊದಲ ಉಂಡೆ ಹಾರಿದ್ದು ಅದಾದ ನಾಲ್ಕನೇ ದಿನ. ಪಾಳಿ ಬಿಟ್ಟು ಜನ ಓಣಿಯಲ್ಲಿ ಒತ್ತಿಕೊಂಡು ಹೋಗುವಾಗ ಯಾರೋ ಕಲಸಿದ ಹಿಟ್ಟಿನ ಚಿಟಿಕೆಯಷ್ಟನ್ನು ಉಂಡೆ ಮಾಡಿ ತಕ್ಕಡಿಯವರ ಕಡೆ ಚಿಮ್ಮಿದರು. ಅದು ತಕ್ಕಡಿಯ ತಟ್ಟೆಗೇ ಬಿತ್ತು. ಮುಳ್ಳು ಅಲುಗಿತು. ತಕ್ಕಡಿಯವರು ಅಭ್ಯಾಸಬಲದಿಂದ ತೂಕ ನೋಡಿದರು. ಇಡೀ ಓಣಿ ಬಿದ್ದು ಬಿದ್ದು ನಕ್ಕಿತು. ಮಾರನೇ ದಿನ ಹತ್ತು ಉಂಡೆ. ಅದರ ಮಾರನೇ ದಿನ ಎಷ್ಟೋ. ವಾರ ಕಳೆಯುವುದರೊಳಗೆ ಅದಕ್ಕೊಂದು ಕ್ರಮ ಬಂತು. ಹಿಟ್ಟು ಕಲಸುವವರು ಜೇಬು ತುಂಬಿಸಿಕೊಂಡು ಬರುವರು, ಒಲೆಯ ಮುಂದೆ ನಿಲ್ಲುವವರು ಮಾಸ್ಕಿನೊಳಗಿಂದಲೇ ಊಳಿಡುವರು, ಪ್ಯಾಕಿಂಗಿನವರು ನೆಲ ಕುಟ್ಟುವರು. ಯಾರದು ಅದು ಎಂದು ತಕ್ಕಡಿಯವರು ಎದ್ದು ನಿಂತರೆ ಎದುರಿಗೆ ನೂರು ಬಿಳಿ ಕೋಟು, ಇನ್ನೂರು ಕಣ್ಣು. ಯಾರ ಹೆಸರು ಹಿಡಿದು ಕೂಗುವುದು? ಮಾವನ ಮನೆ ಅಂತ ತಿರುಗಿ ಚುಚ್ಚೋಣವೆಂದರೆ ಯಾರ ಮಾವ?

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಆ ಓಣಿಯಲ್ಲಿ ತಕ್ಕಡಿಯವರನ್ನು ದ್ವೇಷಿಸುವವರು ಒಬ್ಬರೂ ಇರಲಿಲ್ಲ. ದ್ವೇಷವಿದ್ದಿದ್ದರೆ ಎಷ್ಟೋ ವಾಸಿ, ಅದಕ್ಕೊಂದು ಕಾರಣವಿರುತ್ತದೆ, ಕಾರಣಕ್ಕೆ ಮದ್ದೂ ಇರುತ್ತದೆ. ಇದು ಖುಷಿ. ಬರೀ ಖುಷಿ.

ಆ ಖುಷಿ ಸೂಜಿಯಕ್ಕನನ್ನೂ ಹಿಡಿಯಿತು. ಪ್ಯಾಕಿಂಗ್ ಯಂತ್ರದ ಹರಿದ ಬಟ್ಟೆಪಟ್ಟಿ ಹೊಲಿಯಲು ಒಳಗೆ ಕರೆದಿದ್ದರು. ಆಕೆಯೂ ಗೂಟದಿಂದ ಚಿಕ್ಕ ಅಳತೆಯ ಕೋಟು ತೆಗೆದು ತೊಟ್ಟಳು, ಟೋಪಿ ಮಾಸ್ಕು ಏರಿಸಿದಳು, ಒಂದಿಷ್ಟು ಗುಂಡಿ ಜೇಬಿಗೆ ಹಾಕಿಕೊಂಡಳು. ಗುಂಡಿಯಿಲ್ಲದೆ ಎಲ್ಲಿಗೂ ಹೋದವಳಲ್ಲ, ಬೇರೆ ಹೆಂಗಸರು ಚೀಲದಲ್ಲಿ ಬಾಚಣಿಗೆ ಇಟ್ಟುಕೊಳ್ಳುವ ಹಾಗೆ. ಕೆಲಸ ಮುಗಿಯುವಷ್ಟರಲ್ಲಿ ಪಾಳಿ ಬಿಟ್ಟಿತು. ಓಣಿಯ ನೂಕುನುಗ್ಗಲಲ್ಲಿ ಯಾರೋ ಮೊಣಕೈಯಿಂದ ತಿವಿದು, ಸರಿಯೋ ಪಕ್ಕಕ್ಕೆ, ಗೂಟದ ಹಾಗೆ ನಿಂತಿದ್ದಾನೆ, ಅಂದರು.

ನಿಂತಿದ್ದಾನೆ. ಸೂಜಿಯಕ್ಕನಿಗೆ ಮೈ ಜುಮ್ಮೆಂದಿತು. ತಾನು ಅಕ್ಕನಲ್ಲ, ಅಮ್ಮನಲ್ಲ, ಬೀಗಿತ್ತಿಯಲ್ಲ, ಕೊನೆಗೆ ಹೆಂಗಸೂ ಅಲ್ಲ. ಐವತ್ತೆರಡು ವರ್ಷ ಹೊತ್ತಿದ್ದ ಗಂಟನ್ನು ಯಾರೋ ತಲೆಯಿಂದ ಇಳಿಸಿಕೊಂಡ ಹಾಗಾಯಿತು. ಮಂಡಿನೋವು ಸಹ ಎಲ್ಲಿ ಹೋಯಿತೋ. ಮಾಸ್ಕಿನೊಳಗೆ ತುಟಿ ಮುಂದಾಯಿತು, ಉಸಿರು ಸೇರಿತು, ನಲವತ್ತನಾಲ್ಕು ವರ್ಷದ ಸಿಳ್ಳೆ ರೆಕ್ಕೆ ಬಡಿದುಕೊಂಡು ಹೊರಗೆ ಹಾರಿತು. ಎಂಥ ಸಿಳ್ಳೆ ಅಂದರೆ ಓಣಿಯೇ ಒಂದು ಗಳಿಗೆ ತಲೆದೂಗಿ ಅದಕ್ಕೆ ಹತ್ತು ಸಿಳ್ಳೆ ಜವಾಬು ಕೊಟ್ಟಿತು. ಯಾರದೆಂದು ಒಬ್ಬರಿಗೂ ಗೊತ್ತಿಲ್ಲ. ಆಕೆ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತಾರಲ್ಲ, ಇಲ್ಲಿ ಹಾಲಿಗಿಂತ ಕಣ್ಣು ಮುಚ್ಚುವುದೇ ರುಚಿ.

ಮರುದಿನ ಯಂತ್ರದ ಪಟ್ಟಿ ಹರಿದಿರಲಿಲ್ಲ. ಆದರೂ ಸೂಜಿಯಕ್ಕ ನೋಡಿ ಬರೋಣವೆಂದು ಹೋದಳು. ಮೂರನೇ ದಿನವೂ ಹೋದಳು. ಮನೆಗೆ ಬರುವಾಗ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಏನಮ್ಮ, ಏನಾಗಿದೆ ನಿನಗೆ, ಅಂತ ಮಗಳು ಕೇಳಿದಳು. ಗಾಳಿ ಚೆನ್ನಾಗಿದೆ, ಅಂದಳು ತಾಯಿ.

ನಾಲ್ಕನೇ ದಿನ ಆಕೆಯ ಜೇಬಿನಲ್ಲೂ ಹಿಟ್ಟಿತ್ತು. ಹೋಗುವ ದಾರಿಯಲ್ಲಿ ಹಿಟ್ಟಿನ ಟ್ರೇಯಿಂದ ಒಂದು ನಿಂಬೆಹಣ್ಣಿನಷ್ಟು ಚಿವುಟಿಕೊಂಡಿದ್ದಳು. ಯಾರಿಗೂ ಕಾಣದ ಹಾಗೆ ಉಂಡೆ ಕಟ್ಟಬೇಕಲ್ಲ, ಕೈಯನ್ನು ಜೇಬಿನೊಳಗೇ ಇಟ್ಟು ಬೆರಳಲ್ಲಿ ಹೊರಳಿಸಿದಳು. ಇಪ್ಪತ್ತಾರು ವರ್ಷ ನೋಡದೆಯೇ ಗುಂಡಿ ಹೊಲಿದ ಬೆರಳು, ಉಂಡೆ ಗುಂಡಗೆ ಬಂತು. ಜನ ಊಳಿಟ್ಟರು, ನೆಲ ಕುಟ್ಟಿದರು, ಉಂಡೆಗಳು ಹಾರಿದವು. ತಕ್ಕಡಿಯವರು ಮುಖಕ್ಕೆ ದಾಖಲೆ ಪುಸ್ತಕ ಅಡ್ಡ ಹಿಡಿದು ಕೂತಿದ್ದರು. ಒಂದು ಕ್ಷಣ ಪುಸ್ತಕ ಇಳಿಯಿತು. ಸಕ್ಕರೆ ಎರಡು ಗ್ರಾಂ ಜಾಸ್ತಿ ಎಂದ ಅದೇ ಮುಖ. ಸೂಜಿಯಕ್ಕ ಎಸೆದಳು.

ಮಿಕ್ಕ ಉಂಡೆಗಳು ಬಿದ್ದಾಗ ಪಚ್ ಅನ್ನುತ್ತಿದ್ದವು. ಇದು ಟಕ್ ಅಂದಿತು. ತಕ್ಕಡಿಯವರು ಹಣೆ ಹಿಡಿದುಕೊಂಡು ಕುರ್ಚಿಯ ಸಮೇತ ಪಕ್ಕಕ್ಕೆ ವಾಲಿದರು. ಬೆರಳ ಸಂದಿಯಿಂದ ರಕ್ತ ಇಳಿಯಿತು. ಮುಂದಿದ್ದವರು ಕಲ್ಲಾದರು, ಹಿಂದಿದ್ದವರಿಗೆ ಗೊತ್ತಾಗಲಿಲ್ಲ, ಅವರು ಇನ್ನಷ್ಟು ಹೊತ್ತು ನಗುತ್ತಲೇ ಇದ್ದರು. ಆ ನಗು ಸೂಜಿಯಕ್ಕನ ಕಿವಿಯಲ್ಲಿ ಇಂದಿಗೂ ಇದೆ. ಎಲ್ಲರೂ ಪಕ್ಕದವರನ್ನು ನೋಡಿದರು. ಪಕ್ಕದವರೂ ಬಿಳಿ ಕೋಟು.

ಹುಬ್ಬಿನ ಮೇಲೆ ಮೂರು ಹೊಲಿಗೆ ಬಿತ್ತು. ಆ ಮೂರು ಹೊಲಿಗೆಯನ್ನು ತಾನು ಹಾಕಿಸಿದ್ದು ಅಂತ ಸೂಜಿಯಕ್ಕನಿಗೆ ಆಗಿನ್ನೂ ಖಚಿತವಿರಲಿಲ್ಲ. ಅಷ್ಟು ಉಂಡೆಗಳ ನಡುವೆ ನನ್ನದೇ ಅಂತ ಯಾಕಾಗಬೇಕು, ಅಂದುಕೊಂಡಳು. ಮಾರನೇ ದಿನ ಬೆಳಿಗ್ಗೆ ತಕ್ಕಡಿಯವರೇ ಬ್ಯಾಂಡೇಜು ಕಟ್ಟಿಕೊಂಡು ಹೊಲಿಗೆ ಕೋಣೆಗೆ ಬಂದರು. ಹಿಂದೆ ಮ್ಯಾನೇಜರು. ತಕ್ಕಡಿಯವರು ಕಾಗದದ ಮಡಿಕೆ ಬಿಚ್ಚಿ ಹೊಲಿಗೆ ಯಂತ್ರದ ಮೇಲಿಟ್ಟರು. ಒಣಗಿದ ಹಿಟ್ಟು, ಅದರೊಳಗೆ ಹೂತು ಹೋದ ಒಂದು ಬಿಳಿ ಗುಂಡಿ.

ಮ್ಯಾನೇಜರ ತರ್ಕ ನೇರವಾಗಿತ್ತು. ಇದು ಕೋಟಿನ ಗುಂಡಿ, ಕೋಟಿನಿಂದ ಕಿತ್ತು ಉಂಡೆಯೊಳಗೆ ಇಟ್ಟಿದ್ದಾರೆ. ನಿನ್ನೆಯ ಕೋಟುಗಳು ಇನ್ನೂ ಒಗೆಯಲು ಹೋಗಿಲ್ಲ. ಯಾವ ಕೋಟಿಗೆ ಗುಂಡಿಯಿಲ್ಲವೋ ಅವರೇ ಕಳ್ಳರು, ಹುಡುಕಿಕೊಡಿ. ಇಷ್ಟು ಹೇಳಿ ಗಡಿಯಾರ ನೋಡಿಕೊಂಡು ಹೊರಟರು. ತಕ್ಕಡಿಯವರು ಮಾತ್ರ ಸ್ಟೂಲೆಳೆದು ಕೂತರು.

"ಬೀಗಿತ್ತಿಯವರೇ, ಈ ಕಾರ್ಖಾನೇಲಿ ಕೋಟು ನೋಡಿ ಮನುಷ್ಯ ಯಾರು ಅಂತ ಹೇಳೋರು ನೀವೊಬ್ಬರೇ. ನನಗೆ ಶಿಕ್ಷೆಗಿಕ್ಷೆ ಏನೂ ಬೇಡ. ಯಾರು ಅಂತ ಗೊತ್ತಾದರೆ ಸಾಕು."

"ಗೊತ್ತಾಗಿ ಏನು ಮಾಡ್ತೀರಿ ಬೀಗರೇ?"

"ಈಗ ಇನ್ನೂರ ಹನ್ನೆರಡು ಜನರ ಮೇಲೂ ಅನುಮಾನ. ಮನೇಲಿ ಮಗ ಊಟಕ್ಕೆ ಕೂತರೆ ಅವನ ಕೈ ನೋಡ್ತೀನಿ. ಒಬ್ಬ ಅಂತ ಗೊತ್ತಾಗಿಬಿಟ್ಟರೆ ಮಿಕ್ಕ ಇನ್ನೂರ ಹನ್ನೊಂದು ಜನರ ಮುಖ ನೆಟ್ಟಗೆ ನೋಡಬಹುದು. ಇಲ್ಲದೆ ಹೋದರೆ ಮದುವೆಗೆ ಯಾರನ್ನ ಅಂತ ಕರೀಲಿ, ಯಾರಿಗೆ ಅಂತ ಕೈ ಮುಗೀಲಿ?"

ಅವರು ಹೋದ ಮೇಲೆ ಸೂಜಿಯಕ್ಕ ಕನ್ನಡಕ ಏರಿಸಿ ಗುಂಡಿಯನ್ನು ಬೆಳಕಿಗೆ ಹಿಡಿದಳು. ನಾಲ್ಕು ತೂತು. ನಾಲ್ಕೂ ತೂತು ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದವು, ಒಂದೆಳೆ ನೂಲು ಹಾಯ್ದ ಗುರುತಿಲ್ಲ. ಕೋಟಿನಿಂದ ಕಿತ್ತ ಗುಂಡಿಯಾಗಿದ್ದರೆ ಸವೆದಿರಬೇಕು, ಎಳೆ ಸಿಕ್ಕಿಕೊಂಡಿರಬೇಕು. ಇದು ಯಾವ ಕೋಟನ್ನೂ ಕಾಣದ ಗುಂಡಿ, ಡಬ್ಬಿಯಿಂದ ನೇರ ಜೇಬಿಗೆ ಬಂದದ್ದು. ಇಡೀ ಕಾರ್ಖಾನೆಯಲ್ಲಿ ಅಂಥ ಗುಂಡಿ ಜೇಬಿನಲ್ಲಿ ಇಟ್ಟುಕೊಂಡು ತಿರುಗುವವರು ಒಬ್ಬರೇ. ಉಂಡೆ ಹೊರಳಿಸುವಾಗ ಬೆರಳಿಗೆ ಗಟ್ಟಿಯಾದದ್ದೇನೋ ತಾಕಿತ್ತಲ್ಲ, ಅದು ಈಗ ಜ್ಞಾಪಕಕ್ಕೆ ಬಂತು. ತಾಕಿದ್ದರೂ ನಿಲ್ಲಿಸಿರಲಿಲ್ಲ, ಅದೂ ಬಂತು.

ಸರಿ, ತನ್ನನ್ನೇ ಹುಡುಕುವ ಪತ್ತೇದಾರಿಕೆ ಶುರುವಾಯಿತು. ಕೆಲಸ ಒಪ್ಪಿಸಿದ್ದಾರೆ, ಮಾಡದೆ ಇರುವಂತಿಲ್ಲ. ಒಂದೊಂದೇ ಕೋಟು ತೆಗೆದು ಗುಂಡಿ ಎಣಿಸಿದಳು. ಗುಂಡಿ ಕಳೆದುಕೊಂಡ ಕೋಟುಗಳು ಮೂವತ್ತೊಂದು. ಯಾರದೂ ಅಲ್ಲದ ಕೋಟಿನ ಗುಂಡಿ ಬಿದ್ದರೆ ಯಾರು ತಂದು ಹೊಲಿಸಿಕೊಳ್ಳುತ್ತಾರೆ? ಆಮೇಲೆ ಯಾಕೋ ಜೇಬುಗಳನ್ನು ಹೊರಳಿಸತೊಡಗಿದಳು. ಹಿಟ್ಟು. ಹಿಟ್ಟು. ಇನ್ನೊಂದು, ಹಿಟ್ಟು. ಇನ್ನೂರ ಹನ್ನೆರಡರಲ್ಲಿ ನೂರ ಎಂಬತ್ತೇಳು ಜೇಬುಗಳಲ್ಲಿ ಹಿಟ್ಟು ಒಣಗಿ ಅಂಟಿತ್ತು. ಎದೆಯ ಮೇಲೆ ಪೆನ್ನಿನ ಮಸಿ ಸೋರಿದ ಒಂದು ದೊಡ್ಡ ಅಳತೆಯ ಕೋಟು ಸಿಕ್ಕಿತು. ಕಾರ್ಖಾನೆಯಲ್ಲಿ ಎದೆಗೆ ಪೆನ್ನು ಸಿಕ್ಕಿಸಿಕೊಳ್ಳುವವರು ಮ್ಯಾನೇಜರೊಬ್ಬರೇ. ಅದರ ಜೇಬಿನಲ್ಲೂ ಹಿಟ್ಟು. ಸೂಜಿಯಕ್ಕ ಸ್ಟೂಲಿನ ಮೇಲೆ ಕುಸಿದು ಕೂತು ನಗಲು ಶುರುಮಾಡಿದಳು. ನಗುನಗುತ್ತ ಮುಂದಿನ ಕೋಟು ಎಳೆದಳು. ಅದು ಮುಗಿಯದೆ ಬರುತ್ತಲೇ ಇತ್ತು. ತುದಿಯಲ್ಲಿ ಒಂದು ಗೇಣು ಬಟ್ಟೆಯ ಜೋಡಣೆ, ಆಕೆಯದೇ ಹೊಲಿಗೆ.

ಜೇಬು ಹೊರಳಿಸಿದಳು. ನಗು ನಿಂತಿತು.

ಸಂಜೆ ಮನೆಯಲ್ಲಿ ಮಗಳ ಎದುರು ಎಲ್ಲ ಕಕ್ಕಿಬಿಟ್ಟಳು. ಮಗಳು ಮೊದಲು ನಂಬಲಿಲ್ಲ. ನಂಬಿದ ಮೇಲೆ ಗೋಡೆಗೆ ಒರಗಿ ನಕ್ಕಳು, ನೆಲಕ್ಕೆ ಜಾರಿ ನಕ್ಕಳು. ಸಿಳ್ಳೆ ಬೇರೆ ಹೊಡೆದ್ಯಾ, ಎಲ್ಲಿ ಇನ್ನೊಂದ್ಸಲ ಹೊಡಿ, ಎಂದು ಪೀಡಿಸಿದಳು. ತಾಯಿ ತುಟಿ ಮುಂದೆ ಮಾಡಿದಳು. ಬರೀ ಗಾಳಿ ಬಂತು. ಗುರುತಿನವರ ಎದುರು ಆ ಸಿಳ್ಳೆ ಹೊರಡಲೇ ಇಲ್ಲ. ಅದನ್ನು ಕಂಡು ಮಗಳ ನಗುವೂ ಇಳಿಯಿತು.

ಸೂಜಿಯಕ್ಕ ದಾರಿ ಹುಡುಕಿಕೊಂಡೇ ಬಂದಿದ್ದಳು. ಮೂವತ್ತೊಂದು ಕೋಟಿಗೆ ಗುಂಡಿಯಿಲ್ಲ, ಇಂಥವರದೇ ಅಂತ ಹೇಳೋಕಾಗಲ್ಲ ಅಂದುಬಿಟ್ಟರೆ ಮುಗಿಯಿತು. ಅದು ಸುಳ್ಳೂ ಅಲ್ಲ. ಹೇಳಿದರೆ? ಬೀಗರ ಹಣೆ ಒಡೆದ ಮನೆಯಿಂದ ಯಾರು ಸೊಸೆ ತಂದುಕೊಳ್ಳುತ್ತಾರೆ?

"ಅವನ ವಿಷಯ ಏನು ಮಾಡ್ತೀಯ?" ಮಗಳು ಕೇಳಿದಳು. ಹುಡುಗನ ಜೇಬಿನ ಕಥೆಯನ್ನೂ ತಾಯಿ ಹೇಳಿದ್ದಳು.

"ಅವನ ಜೇಬು ಅವನು ಹೇಳಲಿ. ನಾನು ನನ್ನದು ಹೇಳಬಹುದು ಅಷ್ಟೇ. ಹೇಳಿದರೆ ನಿನ್ನ ಮದುವೆ ಮುರಿದು ಬೀಳುತ್ತೆ ಕಣೇ."

ಮಗಳು ತಾಯಿಯ ಎದುರಿಗೆ ಸರಿದು ಕೂತಳು. "ಮುರಿದರೆ ಅಳ್ತೀನಿ. ಸುಳ್ಳು ಯಾಕೆ ಹೇಳಲಿ, ತುಂಬಾ ಅಳ್ತೀನಿ. ಆದರೆ ನೀನು ಹೇಳದೆ ಮದುವೆ ಆದರೆ, ಅವರು ಮನೆಗೆ ಬಂದಾಗಲೆಲ್ಲ ನೀನು ಅವರ ಹುಬ್ಬು ನೋಡ್ತೀಯ, ನಾನು ನಿನ್ನ ನೋಡ್ತೀನಿ. ಆ ಕಾಫಿ ಯಾರಿಗಮ್ಮ ಇಳಿಯುತ್ತೆ?"

ಸೂಜಿಯಕ್ಕ ಎದ್ದು ನೀಲಿ ನೂಲು ಹುಡುಕಿದಳು.

ಮಾರನೇ ದಿನ ಪಾಳಿ ಬಿಡುವ ಹೊತ್ತು. ಓಣಿ ತುಂಬಿತ್ತು, ಆದರೆ ಅಂದು ಯಾರೂ ಊಳಿಡಲಿಲ್ಲ. ಪತ್ತೆ ಏನಾಯಿತೆಂದು ತಿಳಿಯಲು ಮ್ಯಾನೇಜರೂ ಬಂದು ತಕ್ಕಡಿಯ ಪಕ್ಕ ನಿಂತಿದ್ದರು, ಎದೆಯಲ್ಲಿ ಪೆನ್ನು. ಜನರ ನಡುವಿನಿಂದ ಚಿಕ್ಕ ಅಳತೆಯ ಒಂದು ಕೋಟು ಮುಂದೆ ಬಂತು. ಮಾಸ್ಕಿಲ್ಲ. ಎದೆಯ ಮೇಲೆ ಗೇಣುದ್ದದ ನೀಲಿ ಅಕ್ಷರ, ಈ ತುದಿಯಿಂದ ಆ ತುದಿಗೆ: ಸೂಜಿಯಕ್ಕ. ಓಣಿಯ ಕೊನೆಯವರೂ ಓದಬಹುದಿತ್ತು.

"ಬೀಗರೇ, ಗುಂಡಿ ನನ್ನ ಡಬ್ಬಿದು. ಕೈಯೂ ನಂದೇ."

ಮ್ಯಾನೇಜರು ಗಂಟಲು ಸರಿಮಾಡಿಕೊಂಡು, ಇಂಥವರನ್ನು ಒಂದು ಗಳಿಗೆಯೂ ಇಟ್ಟುಕೊಳ್ಳಬಾರದು, ಶಿಸ್ತು ಅನ್ನುವುದೊಂದಿದೆ ಎಂದು ಶುರುಮಾಡಿದರು. ಸೂಜಿಯಕ್ಕ ಅವರ ಕಡೆ ತಿರುಗಲೂ ಇಲ್ಲ. ನಾನು ಹೋಗ್ತೀನಿ ಸಾರ್, ನ್ಯಾಯವೇ. ಆದರೆ ಜೇಬು ನೋಡಿದೆ, ನೂರ ಎಂಬತ್ತೇಳು ಕೋಟಿನಲ್ಲಿ ಹಿಟ್ಟಿದೆ, ಎದೆಗೆ ಮಸಿ ಸೋರಿದ ಕೋಟೂ ಅದರಲ್ಲಿ ಒಂದು, ಯಾರದು ಅಂತ ನಾನು ಹೇಳಲ್ಲ, ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮ್ಯಾನೇಜರ ಕೈ ತಾನಾಗಿ ಎದ್ದು ಎದೆಯ ಪೆನ್ನನ್ನು ಮುಚ್ಚಿಕೊಂಡಿತು. ಶಿಸ್ತಿನ ಮಾತು ಅಲ್ಲಿಗೇ ನಿಂತಿತು.

ತಕ್ಕಡಿಯವರು ಎದ್ದರು. ಮುಖ ಸುಣ್ಣವಾಗಿತ್ತು. ಅನುಮಾನವಿದ್ದ ಪಟ್ಟಿಯಲ್ಲಿ ಈ ಒಂದು ಹೆಸರು ಇರಲೇ ಇಲ್ಲ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಅವರು ನಿಧಾನವಾಗಿ ಹತ್ತಿರವಿದ್ದ ಹಿಟ್ಟಿನ ಟ್ರೇಯಿಂದ ಒಂದಿಷ್ಟು ಚಿವುಟಿ, ಉಂಡೆ ಮಾಡಿ, ಅಭ್ಯಾಸದಂತೆ ತಕ್ಕಡಿಗೆ ಹಾಕಿ ತೂಗಿ, ತಂದು ಬೀಗಿತ್ತಿಯ ಅಂಗೈಯಲ್ಲಿಟ್ಟರು. ವಾಪಸ್ ಹೋಗಿ ಮೇಜಿನ ಹಿಂದೆ ನೆಟ್ಟಗೆ ನಿಂತರು. ಪುಸ್ತಕ ಅಡ್ಡ ಹಿಡಿಯಲಿಲ್ಲ.

"ಈಗ ಎಸೀರಿ."

ಸೂಜಿಯಕ್ಕ ಅವರನ್ನು ನೋಡಿದಳು. ಬ್ಯಾಂಡೇಜು, ಅದರ ಕೆಳಗೆ ಊದಿದ ಕಣ್ಣು.

"ಎಸೀರಿ ಬೀಗಿತ್ತಿಯವರೇ. ಮೊನ್ನೆ ಎಸೆದದ್ದು ಇದೇ ಕೈ, ನಾನು ಅದೇ ನಾನು. ಏನು ಹೆಚ್ಚುಕಮ್ಮಿ ಆಯ್ತು?"

ಕೈ ಏಳಲಿಲ್ಲ. ಎತ್ತಲು ಆಕೆ ಪ್ರಯತ್ನಿಸಲೇ ಇಲ್ಲ ಅಂದುಕೊಳ್ಳಬೇಡಿ. ಅವರು ಕೇಳಿದ್ದಾರೆ, ಎಸೆದುಬಿಟ್ಟು ಮುಗಿಸೋಣವೆಂದೇ ಅಂದುಕೊಂಡಳು. ಮೊಣಕೈವರೆಗೆ ಬಂದು ಕೈ ನಿಂತುಬಿಟ್ಟಿತು, ಬೇರೆ ಯಾರದೋ ಕೈಯ ಹಾಗೆ. ಅಥವಾ ಮೊದಲ ಸಲ ತನ್ನದೇ ಕೈಯ ಹಾಗೆ. ಎರಡು ಚಿಟಿಕೆ ಹಿಟ್ಟು, ಸೀಸದಂತೆ ಭಾರ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ತಕ್ಷಣ ಕೆಮ್ಮಿ ಮುಚ್ಚಿಕೊಂಡರು.

ಆಗ ಎಲ್ಲರ ತಲೆಯ ಮೇಲಿಂದ ಒಂದು ಮಾಸ್ಕು ಇಳಿಯಿತು. ಎತ್ತರದ ಹುಡುಗ. "ಅಪ್ಪ, ಮೊನ್ನೆ ನಾನೂ ಎಸೆದೆ. ಅದರ ಹಿಂದಿನ ದಿನವೂ."

ತಕ್ಕಡಿಯವರು ಮಗನನ್ನು ಅಳೆಯುವವರ ಹಾಗೆ ಮೇಲಿಂದ ಕೆಳಗೆ ನೋಡಿದರು. "ಹಾಗಾದರೆ ಭುಜಕ್ಕೆ ಬಿದ್ದದ್ದು ನಿಂದೇ ಇರಬೇಕು. ಇಷ್ಟುದ್ದ ಬೆಳೆದಿದ್ದೀಯ, ಗುರಿ ಮಾತ್ರ ಇಲ್ಲ."

ಯಾರು ಮೊದಲು ನಕ್ಕರೋ ತಿಳಿಯದು. ಆದರೆ ಆ ನಗು ಹಿಂದಿನ ನಗುವಾಗಿರಲಿಲ್ಲ, ನಕ್ಕವರೆಲ್ಲ ಮಾಸ್ಕು ಕೆಳಗಿಳಿಸಿಕೊಂಡು ನಕ್ಕರು. ಕೆಲವರು ಅತ್ತರು ಸಹ. ಇನ್ನು ಕೆಲವರು ಗೋಡೆಯ ಬದಿಯಿಂದ ಮೆಲ್ಲಗೆ ಜಾರಿ, ಮಾಸ್ಕು ಇನ್ನಷ್ಟು ಮೇಲಕ್ಕೇರಿಸಿಕೊಂಡು ಮನೆಗೆ ಹೋದರು. ಅವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮುಂದಿನ ದಿನಗಳಲ್ಲಿ ಹೊಲಿಗೆ ಕೋಣೆಯ ಮುಂದೆ ಸಾಲು. ಅಕ್ಕ, ನನ್ನ ಹೆಸರು. ಅಕ್ಕ, ನಂದು ಸ್ವಲ್ಪ ದೊಡ್ಡಕ್ಷರದಲ್ಲಿ. ದಿನಕ್ಕೆ ಎರಡು ತಾಸು ವ್ಯರ್ಥ ಎಂಬ ಮಾತನ್ನು ಮ್ಯಾನೇಜರು ಮತ್ತೆ ಎತ್ತಲಿಲ್ಲ, ಸೂಜಿಯಕ್ಕನನ್ನು ತೆಗೆದುಹಾಕುವ ಮಾತನ್ನೂ ಎತ್ತಲಿಲ್ಲ. ಮಸಿ ಸೋರದ ಹೊಸ ಪೆನ್ನು ಕೊಂಡರು. ನಲವತ್ತಕ್ಕೂ ಹೆಚ್ಚು ಜನ ಹೆಸರು ಹೊಲಿಸಿಕೊಳ್ಳಲು ಈವರೆಗೂ ಬಂದಿಲ್ಲ. ಅವರ ಕೋಟುಗಳು ಗೂಟದ ಕೊನೆಯಲ್ಲಿ ಬೋಳಾಗಿ ನೇತಾಡುತ್ತಿವೆ.

ತಕ್ಕಡಿಯವರು ಹನ್ನೊಂದು ದಿನ ಬೀಗಿತ್ತಿಯನ್ನು ಮಾತಾಡಿಸಲಿಲ್ಲ. ಮನೆಯಲ್ಲಿ ಮಗಳು ಹನ್ನೊಂದು ದಿನ ಬಾಗಿಲ ಸದ್ದಿಗೆಲ್ಲ ಎದ್ದು ಕೂತಳು. ಹನ್ನೆರಡನೇ ದಿನ ಸಂಜೆ ಅವರು ಬಂದು, ಕೂತು, ಕಾಫಿ ಕುಡಿದು, ಲೋಟ ಕೆಳಗಿಟ್ಟರು. ಹುಬ್ಬಿನ ಮೇಲೆ ಮೂರು ಹೊಲಿಗೆಯ ಗುರುತು ಹಾಗೇ ಇತ್ತು. ಸೂಜಿಯಕ್ಕ ಅದನ್ನೇ ನೋಡಿದಳು, ಕಣ್ಣು ತಪ್ಪಿಸಲಿಲ್ಲ. ಎಳೆ ಸ್ವಲ್ಪ ಸೊಟ್ಟ, ನಾನಾಗಿದ್ದರೆ ನೆಟ್ಟಗೆ ಹಾಕುತ್ತಿದ್ದೆ, ಎಂದು ಆಕೆಗೆ ಅನ್ನಿಸಿದ್ದೂ ನಿಜ.

"ಸಕ್ಕರೆ ಸರಿಯಾಗಿದೆ," ಅಂದರು ತಕ್ಕಡಿಯವರು. "ಮದುವೆ ದಿನ ನೀವು ನನ್ನ ಎದುರಿಗೇ ಕೂತ್ಕೋಬೇಕು ಬೀಗಿತ್ತಿಯವರೇ. ಹಿಂದುಗಡೆ ಮಾತ್ರ ಬೇಡ."

ಒಳಗಿನ ಕೋಣೆಯಿಂದ ಒಂದು ಸಿಳ್ಳೆ ಕೇಳಿಸಿತು. ಮಗಳದು.

ನೀವು ಇಷ್ಟು ಹೊತ್ತು ನಕ್ಕಿದ್ದೀರಿ, ಸಂತೋಷ. ಈಗ ನಿಮ್ಮ ಸರದಿ. ಮುಖ ಕಾಣದ ಕಡೆ, ಹೆಸರು ಹೇಳಬೇಕಾಗಿಲ್ಲದ ಕಡೆ, ಎಲ್ಲರೂ ಅಂದದ್ದಕ್ಕೆ ನೀವೂ ಒಂದು ಸೇರಿಸಿದ್ದೀರಲ್ಲ, ಆ ದಿನ ತೊಟ್ಟಿದ್ದ ಕೋಟು ಇನ್ನೂ ನಿಮ್ಮ ಮೈಮೇಲಿದೆ. ಪಕ್ಕದವರದನ್ನು ನೋಡಬೇಡಿ. ನಿಮ್ಮ ಜೇಬು ಹೊರಳಿಸಿ. ಹಿಟ್ಟು ಸಿಕ್ಕರೆ ಎದೆಯ ಮೇಲೆ ಹೆಸರು ಹೊಲಿದುಕೊಳ್ಳಿ, ಯಾರಿಗೆ ಎಸೆದಿರೋ ಅವರ ಎದುರು ಹೋಗಿ ನಿಲ್ಲಿ, ಆಮೇಲೂ ಕೈ ಎದ್ದರೆ ಎಸೆಯಿರಿ. ನಾಳೆ ಅಲ್ಲ. ಈಗ ಏಳಿ.